ನಂಬರು ಬರೆದ ಮೇಲೆ

ಪುಟಾಣಿ ರೈಲು ಮಾಡೆಲ್ ಮಾಡುವವರನ್ನು ಹಿಡಿದು "ಇದರಲ್ಲಿ ಕಷ್ಟದ ಕೆಲಸ ಯಾವುದು?" ಅಂತ ಕೇಳಿ ನೋಡಿ. ಮೋಟಾರು ಕೂರಿಸೋದು, ವೈರಿಂಗು, ಪೇಂಟು ಅಂತ ಏನೋ ಹೇಳ್ತಾರೆ ಅಂದುಕೊಂಡಿರ್ತೀರಿ. ಹೆಚ್ಚಿನವರು ಹೇಳೋದು ಒಂದೇ ಮಾತು: "ಅಕ್ಷರ." ಎಂಜಿನ್ನಿನ ಪಕ್ಕದಲ್ಲಿ ಬರೆದಿರುವ ನಂಬರು, ಶೆಡ್ಡಿನ ಹೆಸರು, ಬೋಗಿಗೆ ಸಿಕ್ಕಿಸಿದ ಊರಿನ ಬೋರ್ಡು. ಗೇಣುದ್ದದ ಎಂಜಿನ್ ಮೇಲೆ ಇದನ್ನೆಲ್ಲ ಬ್ರಷ್ ಹಿಡಿದು ಬರೆಯೋಕೆ ಆಗಲ್ಲ. ಅದಕ್ಕೆ ಡಿಕಾಲ್ ಬೇಕು.

ಡಿಕಾಲ್ ಅಂದ್ರೆ ಏನು ಅಂತ ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಬಲ್ ಗಮ್ ಜೊತೆ ಒಂದು ಟ್ಯಾಟೂ ಚೀಟಿ ಬರ್ತಿತ್ತಲ್ಲ, ನೀರು ಹಚ್ಚಿ ಕೈಮೇಲೆ ಒತ್ತಿದ್ರೆ ಚಿತ್ರ ಕೂರ್ತಿತ್ತು, ಅದರ ದೊಡ್ಡಣ್ಣ ಇದು. ನೀರಿನಲ್ಲಿ ಕರಗುವ ಅಂಟು ಸವರಿದ ಕಾಗದ, ಅದರ ಮೇಲೆ ತೆಳ್ಳಗಿನ ಪಾರದರ್ಶಕ ಪದರ, ಆ ಪದರದ ಮೇಲೆ ಮುದ್ರಿಸಿದ ಅಕ್ಷರ. ಕತ್ತರಿಸಿ ಅರ್ಧ ನಿಮಿಷ ನೀರಲ್ಲಿ ಅದ್ದಿದರೆ ಪದರ ಕಾಗದದಿಂದ ಜಾರುತ್ತದೆ. ಅದನ್ನು ಮಾಡೆಲ್ ಮೇಲೆ ಜಾರಿಸಿ ಕೂರಿಸಬೇಕು. ಕೂರಿಸುವ ಜಾಗ ಮೊದಲೇ ಗ್ಲಾಸ್ ವಾರ್ನಿಶ್ ಹೊಡೆದು ನುಣ್ಣಗಿರಬೇಕು. ಒರಟಾಗಿದ್ದರೆ ಪದರದ ಅಡಿ ಗಾಳಿ ಸಿಕ್ಕಿಕೊಂಡು ಅಕ್ಷರದ ಸುತ್ತ ಬೆಳ್ಳಿ ಬೆಳ್ಳಿ ಹೊಳೆಯುತ್ತೆ, ಅಂಟಿಸಿದ್ದು ಅಂತ ದೂರದಿಂದಲೇ ಗೊತ್ತಾಗುತ್ತೆ.

ಅಮೆರಿಕದ ರೈಲು ಮಾಡುವವರಿಗೆ ಈ ಡಿಕಾಲ್ ರೆಡಿಮೇಡ್ ಸಿಗುತ್ತೆ. ಕ್ಯಾಲಿಫೋರ್ನಿಯಾದ ಮೈಕ್ರೋಸ್ಕೇಲ್ ಕಂಪನಿಯ ಕ್ಯಾಟಲಾಗ್ ತೆಗೆದರೆ, ಮುಚ್ಚಿ ಎಷ್ಟೋ ವರ್ಷ ಆಗಿರುವ ರೈಲು ಕಂಪನಿಗಳ ಹೆಸರೂ ಇರುತ್ತೆ. ನಮ್ಮ ಕೆ.ಆರ್. ಪುರಂ ಡೀಸೆಲ್ ಶೆಡ್ಡಿನ ಎಂಜಿನ್ ಮಾಡ್ತೀನಿ ಅಂತ ಹೊರಟರೆ ಅಷ್ಟು ಸುಲಭ ಇಲ್ಲ. ಹಳೇ ಫೋಟೋ ಹುಡುಕಬೇಕು, ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಎಳೆದು ಬಿಡಿಸಬೇಕು, ಡಿಕಾಲ್ ಪೇಪರ್ ಮೇಲೆ ಪ್ರಿಂಟ್ ಮಾಡಬೇಕು. ಅಲ್ಲಿ ಇನ್ನೊಂದು ತಕರಾರು: ಮನೆಯ ಪ್ರಿಂಟರಿಗೆ ಬಿಳಿ ಬಣ್ಣವೇ ಗೊತ್ತಿಲ್ಲ. ಕಾಗದ ಬೆಳ್ಳಗಿರುತ್ತೆ ಅನ್ನೋ ನಂಬಿಕೆ ಮೇಲೆ ಅದು ಬದುಕಿದೆ. ಕಡು ಬಣ್ಣದ ಎಂಜಿನ್ ಮೇಲೆ ಬಿಳಿ ನಂಬರು ಬೇಕಂದ್ರೆ ಬಿಳಿ ಟೋನರ್ ಇರುವ ಪ್ರಿಂಟರ್ ಹುಡುಕಬೇಕು. ಹಿಂದೆ ಜಪಾನಿನ ಆಲ್ಪ್ಸ್ ಕಂಪನಿ ಬಿಳಿ ರಿಬ್ಬನ್ ಹಾಕುವ ಪ್ರಿಂಟರ್ ಮಾಡ್ತಿತ್ತು. ಅದರ ತಯಾರಿಕೆ ನಿಂತಿದೆ. ಇದ್ದವರು ಅದನ್ನು ಹಳೇ ಮಗ್ಗದ ಹಾಗೆ ಜೋಪಾನ ಮಾಡಿಕೊಂಡಿದ್ದಾರೆ.

ಹಗಲು ಕೋಡು, ರಾತ್ರಿ ಡಿಕಾಲು, ಇದು ನನ್ನ ದಿನಚರಿ. ಒಮ್ಮೆ ಆಫೀಸಿನ ಗೆಳೆಯನಿಗೆ ನನ್ನ ಡಬ್ಲ್ಯೂಡಿಎಂ-2 ತೋರಿಸಿದೆ. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ, 1962ರಲ್ಲಿ ನಮ್ಮ ದೇಶಕ್ಕೆ ಬಂದದ್ದು, 2600 ಅಶ್ವಶಕ್ತಿ, ಆಮೇಲೆ ವಾರಾಣಸಿಯಲ್ಲೇ ಎರಡು ಸಾವಿರಕ್ಕೂ ಹೆಚ್ಚು ತಯಾರಾದವು. ನೀವು ಚಿಕ್ಕವರಿದ್ದಾಗ ರೈಲು ಹತ್ತಿದ್ದರೆ ಬಹುಶಃ ಅದೇ ನಿಮ್ಮನ್ನು ಎಳೆದಿರುತ್ತೆ. ಶೆಡ್ಡಿನ ಹೆಸರಿನ ಒಂದು ಅಕ್ಷರದ ದಪ್ಪ ಸರಿಯಿಲ್ಲ ಅಂತ ಮೂರನೇ ಸಲ ಪ್ರಿಂಟ್ ಮಾಡಿಸ್ತಿದ್ದೀನಿ ಅಂದೆ. ಅವನು ಕೇಳಿದ, "ಈ ಹಳಿಯ ಅಗಲ ಸರಿಯಾಗಿದೆಯಾ?"

ಇಲ್ಲ. ಎಚ್‌ಓ ಅಂದ್ರೆ 87ರಲ್ಲಿ ಒಂದು ಭಾಗದ ಅಳತೆ. ಅದರ ಹಳಿಯ ಅಗಲ 16.5 ಮಿಲಿಮೀಟರ್. ಇದು ಯುರೋಪ್, ಅಮೆರಿಕದ 1435 ಮಿಲಿಮೀಟರ್ ಹಳಿಗೆ ಲೆಕ್ಕ ಹಾಕಿದ್ದು. ನಮ್ಮ ಬ್ರಾಡ್‌ಗೇಜ್ 1676. ಅದನ್ನು 87ರಿಂದ ಭಾಗಿಸಿದರೆ 19 ದಾಟುತ್ತೆ. ಅಂದ್ರೆ ಮಾಮೂಲಿ ಎಚ್‌ಓ ಹಳಿ ಮೇಲೆ ಓಡುವ ಭಾರತದ ಬ್ರಾಡ್‌ಗೇಜ್ ಮಾಡೆಲ್ಲಿನ ಕಾಲಡಿಯ ನೆಲವೇ ಹೆಚ್ಚುಕಡಿಮೆ ಮೂರು ಮಿಲಿಮೀಟರ್ ಕಮ್ಮಿ. "ಬುಡವೇ ತಪ್ಪು, ಇನ್ನು ನೆತ್ತಿ ಮೇಲಿನ ಅಕ್ಷರ ಸರಿ ಇದ್ರೆಷ್ಟು ಬಿಟ್ರೆಷ್ಟು?" ಅಂದ ಗೆಳೆಯ. ಇದನ್ನು ಕುಹಕ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಾಗಲಿಲ್ಲ. ಪ್ರಶ್ನೆ ಸರಿಯಾಗಿಯೇ ಇದೆ. ದೊಡ್ಡ ತಪ್ಪನ್ನು ನುಂಗಿಕೊಂಡು ಸಣ್ಣ ತಪ್ಪಿಗೆ ನಿದ್ದೆ ಕೆಡುವುದು ಯಾವ ನ್ಯಾಯ?

ಇದಕ್ಕೆ ನನಗೆ ಮೊದಲು ನೆನಪಾದದ್ದು ನಮ್ಮೂರಿನ ಪಾತ್ರೆಗಳು. ಮದುವೆಗೆ ಕೊಟ್ಟ ಸ್ಟೀಲಿನ ಕೊಳಗ, ಚೆಂಬು, ತಟ್ಟೆಗಳ ಮೇಲೆ ಹೆಸರು, ತಾರೀಖು ಕೊರೆಸುತ್ತಿದ್ದರು. ಹೆಸರಿಲ್ಲದ ಚೆಂಬು ಬರೀ ಚೆಂಬು. ಸ್ವಲ್ಪ ಸೊಟ್ಟಗಿದ್ದರೂ ಯಾರೂ ತಕರಾರು ಮಾಡಲ್ಲ. ಹೆಸರು ಬಿದ್ದ ಮೇಲೆ ಅದು ಇಂಥವರ ಮದುವೆಯಲ್ಲಿ ಇಂಥವರು ಕೊಟ್ಟ ಚೆಂಬು. ಊರಿನ ಯಾವ ಮನೆಯ ಜಗುಲಿಯಲ್ಲಿ ಸಿಕ್ಕಿದರೂ ಎಲ್ಲಿಗೆ ವಾಪಸ್ ಹೋಗಬೇಕು ಅಂತ ಅದೇ ಹೇಳುತ್ತೆ. ಚೆಂಬು ಸೊಟ್ಟಗಿರುವುದಕ್ಕೂ ಅದರ ಮೇಲೆ ತಪ್ಪು ಹೆಸರು ಇರುವುದಕ್ಕೂ ವ್ಯತ್ಯಾಸ ಗೊತ್ತಾಗೋಕೆ ಯಾರೂ ತತ್ವಶಾಸ್ತ್ರ ಓದಬೇಕಿಲ್ಲ.

ಮಾಡೆಲ್ಲೂ ಹಾಗೇ. ಅದರ ಆಕಾರ "ನಾನು ಈ ಥರದ ಎಂಜಿನ್" ಅನ್ನುತ್ತೆ. ಹಳಿ ಕಿರಿದು, ಚಕ್ರ ದಪ್ಪ, ಕ್ಯಾಬಿನಲ್ಲಿ ಡ್ರೈವರ್ ಇಲ್ಲ, ಇದೆಲ್ಲ ಚಿಕ್ಕದು ಮಾಡುವಾಗ ಬಿಟ್ಟುಹೋಗಿದ್ದು ಅಂತ ನೋಡುವವರಿಗೆ ಅರ್ಥ ಆಗುತ್ತೆ. ಯಾವ ಭೂಪಟವೂ ಊರಿನ ಎಲ್ಲ ಕಲ್ಲನ್ನೂ ತೋರಿಸಲ್ಲ. ನಂಬರು ಬರೆದ ಕ್ಷಣ ಮಾಡೆಲ್ ಬಾಯಿ ತೆರೆದು ಒಂದು ವಾಕ್ಯ ಹೇಳುತ್ತೆ: "ನಾನು ಎರಡು ಸಾವಿರ ಎಂಜಿನ್‌ಗಳಲ್ಲಿ ಇದೊಂದು." ಆ ವಾಕ್ಯ ನಿಜ ಅಥವಾ ಸುಳ್ಳು. ಮಧ್ಯದ ಜಾಗ ಇಲ್ಲ.

ನಮ್ಮ ಕೆಲಸದವರಿಗೆ ಇದು ಇನ್ನೂ ಬೇಗ ಹೊಳೆಯಬೇಕು. ಡೇಟಾಬೇಸಿನಲ್ಲಿ ನಲ್ ಅಂದ್ರೆ "ಗೊತ್ತಿಲ್ಲ." ಸೊನ್ನೆ ಅಂದ್ರೆ "ಗೊತ್ತಿದೆ, ಅದು ಸೊನ್ನೆ." ಕಾಲಂ ಖಾಲಿ ಬಿಡಬಾರದು ಅಂತ ಯಾರೋ ನಲ್ ಇದ್ದ ಕಡೆಯೆಲ್ಲ ಸೊನ್ನೆ ತುಂಬಿದರೆ ರಿಪೋರ್ಟ್ ಚೆನ್ನಾಗೇ ಕಾಣುತ್ತೆ. ಸರಾಸರಿ ಮಾತ್ರ ಹಾಳಾಗಿರುತ್ತೆ, ಯಾಕೆ ಹಾಳಾಯ್ತು ಅಂತ ಹುಡುಕುವ ದಾರಿಯೂ ಮುಚ್ಚಿರುತ್ತೆ. ಖಾಲಿ ಜಾಗ ಮುಂದೆ ಬರುವವನಿಗೆ "ಇಲ್ಲಿ ಕೆಲಸ ಬಾಕಿ ಇದೆ" ಅಂತ ಹೇಳುತ್ತೆ. ತಪ್ಪು ಮೌಲ್ಯ "ಇಲ್ಲಿ ಎಲ್ಲ ಮುಗಿದಿದೆ, ಮುಂದೆ ಹೋಗು" ಅನ್ನುತ್ತೆ.

ರೈಲಿನ ಮೇಲಿನ ಅಕ್ಷರಗಳು ಎಷ್ಟು ಮಾತಾಡ್ತವೆ ಅಂತ ನೋಡಿ. ಹಳೇ ಬೋಗಿಯ ಐದಂಕಿ ನಂಬರಿನಲ್ಲಿ ಮೊದಲ ಎರಡು ಅಂಕಿ ಅದು ತಯಾರಾದ ವರ್ಷ. ಉಳಿದ ಮೂರು ಅಂಕಿ ಅದು ಸ್ಲೀಪರೋ ಜನರಲ್ಲೋ ಎಸಿಯೋ ಅಂತ ಹೇಳುತ್ತೆ. 1994ರ ರೈಲು ಅಂತ ಹೇಳಿ 97ರಿಂದ ಶುರುವಾಗುವ ಬೋಗಿ ಜೋಡಿಸಿದರೆ, ಇನ್ನೂ ಹುಟ್ಟದ ಬೋಗಿಯಲ್ಲಿ ಜನರನ್ನು ಕೂರಿಸಿದ ಹಾಗೆ. ಊರಿನ ಬೋರ್ಡಿನದು ಇನ್ನೂ ಮಜಾ. ರಾಜ್ಯ ಸರ್ಕಾರ 2014ರ ನವೆಂಬರ್ 1ರಿಂದ ಹನ್ನೆರಡು ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರದಂತೆ ಬರೆಯಬೇಕು ಅಂತ ಜಾರಿಗೆ ತಂತು. ಕನ್ನಡದಲ್ಲಿ ಮೊದಲಿಂದಲೂ ಹುಬ್ಬಳ್ಳಿಯೇ. ಇಂಗ್ಲಿಷಿನಲ್ಲಿ ಮಾತ್ರ 'ಹುಬ್ಲಿ' ಹೋಗಿ 'ಹುಬ್ಬಳ್ಳಿ' ಬಂತು. ಹಾಗಾಗಿ ಒಂದೇ ಬೋರ್ಡಿನಲ್ಲಿ ಕನ್ನಡದ ಸಾಲು ಯಾವ ವರ್ಷಕ್ಕೂ ನಡೆಯುತ್ತೆ, ಇಂಗ್ಲಿಷಿನ ಸಾಲು ವರ್ಷ ನೋಡಿ ಬರೆಯಬೇಕು.

ಕನ್ನಡದ ಸಾಲಿಗೂ ಅದರದೇ ಕಷ್ಟ ಇದೆ. ಬೋರ್ಡಿನ ಮೇಲೆ ಹತ್ತು ಸೆಂಟಿಮೀಟರ್ ಎತ್ತರದ ಅಕ್ಷರ ಎಚ್‌ಓ ಅಳತೆಯಲ್ಲಿ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಹುಬ್ಬಳ್ಳಿಯ ಎರಡು ಒತ್ತಕ್ಷರ ಅದರೊಳಗೇ ಉಸಿರಾಡಬೇಕು. ಸುಲಭಕ್ಕೆ ಕಂಪ್ಯೂಟರಿನ ಫಾಂಟಿನಲ್ಲಿ ಟೈಪ್ ಮಾಡಿಬಿಡಬಹುದು. ಆದರೆ ವಿಂಡೋಸ್ ಎಕ್ಸ್‌ಪಿ ಜೊತೆ 2001ರಲ್ಲಿ ಬಂದ ತುಂಗಾ ಫಾಂಟು 1994ರ ಬೋರ್ಡಿನ ಮೇಲೆ ಏನು ಮಾಡ್ತಿದೆ? ಆ ಕಾಲದ ಬೋರ್ಡು ಬರೆದದ್ದು ಪೇಂಟರ್ ಕೈ. ಅವರ ತಲೆಕಟ್ಟು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಜಾಗ ಸಾಲದೆ ಕೊನೆಯ ಅಕ್ಷರ ಒತ್ತಿಕೊಂಡಿರುತ್ತೆ. ಅದನ್ನು ನಾನು ಟೈಪ್ ಮಾಡಲ್ಲ, ಫೋಟೋದ ಮೇಲಿಟ್ಟು ತಿದ್ದುತ್ತೀನಿ. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ಮೇಷ್ಟ್ರು ಬರೆದುಕೊಟ್ಟ ಅಕ್ಷರ ತಿದ್ದುತ್ತಿದ್ದ ಹಾಗೆ.

ಹಾಗಾದ್ರೆ ಇಲ್ಲದ ರೈಲನ್ನು ಕಲ್ಪಿಸಿಕೊಂಡು ಮಾಡೋದು ಸುಳ್ಳಾ? ಅಲ್ಲ. ಅಮೆರಿಕದಲ್ಲಿ ಜಾನ್ ಆಲನ್ ಅಂತ ಒಬ್ಬರಿದ್ದರು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ತಮ್ಮ ಮನೆಯಲ್ಲೇ ಒಂದು ರೈಲ್ವೆ ಲೋಕ ಕಟ್ಟಿದ್ದರು. ಅದಕ್ಕೆ ಅವರು ಇಟ್ಟ ಹೆಸರನ್ನು ಬಾಯಿಬಿಟ್ಟು ಓದಿದರೆ 'ಗೋರಿ ಅಂಡ್ ಡಿಫೀಟೆಡ್' ಅಂತ ಕೇಳುತ್ತೆ, ಅಂದ್ರೆ ರಕ್ತಸಿಕ್ತ ಮತ್ತು ಪರಾಜಿತ. ಇಂಥ ಹೆಸರಿನ ಕಂಪನಿಯನ್ನು ಯಾರೂ ಟೈಮ್‌ಟೇಬಲಿನಲ್ಲಿ ಹುಡುಕಲ್ಲ. ಅವರ ಎಂಜಿನ್ ಮೇಲೆ ಯಾವ ನಂಬರಿದ್ದರೂ ಅದು ಕಥೆ, ಕಥೆ ಅಂತ ಹೇಳಿಯೇ ಹೇಳಿದ ಕಥೆ.

ಅಸಲಿ ಎಂಜಿನ್ನುಗಳಿಗೂ ಈ ಪೇಚು ತಪ್ಪಿದ್ದಲ್ಲ. ಇಂಗ್ಲೆಂಡಿನ ಫ್ಲೈಯಿಂಗ್ ಸ್ಕಾಟ್ಸ್‌ಮನ್ 1923ರಲ್ಲಿ ಹೊರಬಂದಾಗ ಅದರ ನಂಬರು 1472. ಮರುವರ್ಷ 4472. 1946ರಲ್ಲಿ 502, ಅದೇ ವರ್ಷ 103. ರೈಲ್ವೆ ರಾಷ್ಟ್ರೀಕರಣ ಆದ ಮೇಲೆ 60103. ಜೋಡಿ ಚಿಮಣಿ ಬಂದದ್ದು 1958ರ ಕೊನೆಯ ಹೊತ್ತಿಗೆ, ಹೊಗೆ ತಡೆಯುವ ಪಕ್ಕದ ತಗಡು 1961ರಲ್ಲಿ. ಜನಕ್ಕೆ ಪ್ರೀತಿ 4472ರ ಮೇಲೆ. 1999ರಲ್ಲಿ ರಿಪೇರಿಯಾಗಿ ಮತ್ತೆ ಓಡಿದಾಗ ಹಳೇ ಹಸಿರು ಬಣ್ಣ, 4472 ಅನ್ನುವ ನಂಬರು, ಆದರೆ ತಲೆ ಮೇಲೆ ಜೋಡಿ ಚಿಮಣಿ. ಆ ನಂಬರಿದ್ದ ಕಾಲದಲ್ಲಿ ಆ ಚಿಮಣಿ ಇರಲಿಲ್ಲ. 2016ರಲ್ಲಿ ಮತ್ತೆ ಹೊರಬಂದಾಗ ಚಿಮಣಿಗೂ ತಗಡಿಗೂ ಹೊಂದುವ 60103 ಬರೆದರು. ಇಲ್ಲಿ ಯಾವ ನಂಬರೂ ತನ್ನಷ್ಟಕ್ಕೆ ಸುಳ್ಳಲ್ಲ. ಇಂಥ ನಂಬರು ಇಂಥ ಚಿಮಣಿಯ ಪಕ್ಕ ಕೂತಾಗ ಸುಳ್ಳಾಗುತ್ತೆ.

ಇಷ್ಟೆಲ್ಲ ಸಿದ್ಧಾಂತ ಮಾತಾಡೋದು ಸುಲಭ. ಎದುರಿಗೆ ಮನುಷ್ಯರು ಬಂದಾಗ ಗೊತ್ತಾಗುತ್ತೆ.

ಎರಡು ವರ್ಷದ ಹಿಂದೆ ಪರಿಚಯದವರೊಬ್ಬರು ಫೋನ್ ಮಾಡಿದರು. ಅವರ ತಂದೆ ರಿಟೈರ್ಡ್ ಎಂಜಿನ್ ಡ್ರೈವರ್, ಎಂಬತ್ತು ತುಂಬುತ್ತಿದೆ. ಹುಟ್ಟುಹಬ್ಬಕ್ಕೆ ಅವರು ಓಡಿಸಿದ ಎಂಜಿನ್ನಿನ ಮಾಡೆಲ್ ಕೊಡಬೇಕು. ಮಾಡೆಲ್ ಎಲ್ಲಿಂದಲೋ ತರಿಸಿದ್ದಾರೆ, ಪೇಂಟ್ ಆಗಿದೆ, ನಾನು ಡಿಕಾಲ್ ಮಾಡಿಕೊಡಬೇಕು. "ನಂಬರು ಅಪ್ಪನ ಬಾಯಲ್ಲೇ ಇದೆ, ದಿನಾ ಹೇಳ್ತಾರೆ. 1993ನೇ ಇಸವಿ, ಕೆ.ಆರ್. ಪುರಂ ಶೆಡ್ಡು" ಅಂದರು.

ಕೆಲಸ ಶುರು ಮಾಡಿ ಆ ನಂಬರಿನ ಫೋಟೋ ಹುಡುಕಿದೆ. ಎರಡು ಸಿಕ್ಕವು. ಒಂದು ಆ ವರ್ಷಕ್ಕೆ ಮುಂಚಿನದು, ಒಂದು ಆಮೇಲಿನದು. ಎರಡರಲ್ಲೂ ಎಂಜಿನ್ ಮೇಲೆ ಸ್ಪಷ್ಟವಾಗಿ ಗುತ್ತಿ ಶೆಡ್ಡಿನ ಗುರುತು. ಎಂಜಿನ್ನುಗಳು ಶೆಡ್ಡಿನಿಂದ ಶೆಡ್ಡಿಗೆ ವರ್ಗ ಆಗ್ತವೆ, ಮಧ್ಯೆ ಒಂದೆರಡು ವರ್ಷ ಬೆಂಗಳೂರಿಗೆ ಬಂದು ವಾಪಸ್ ಹೋಗಿರಲೂಬಹುದು. ಆದರೆ ಹೆಚ್ಚು ಸಾಧ್ಯತೆ ಇದ್ದದ್ದು ಬೇರೆ: ಯಜಮಾನರ ನೆನಪಿನಲ್ಲಿ ಎರಡು ಎಂಜಿನ್ ಒಂದಾಗಿವೆ. ಒಂದೋ ನಂಬರು ಸರಿ, ಶೆಡ್ಡು ತಪ್ಪು. ಇಲ್ಲಾ ಶೆಡ್ಡು ಸರಿ, ನಂಬರು ಬೇರೆ ಎಂಜಿನ್ನಿನದು.

ಮಗನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ಹೇಳಿದ ಹಾಗೇ ಹಾಕಿಬಿಡಿ. ಈ ವಯಸ್ಸಿನಲ್ಲಿ ಅವರಿಗೆ ಯಾಕೆ ನೋವು ಮಾಡೋದು. ಷೋಕೇಸಿನಲ್ಲಿ ಇಡೋ ವಸ್ತು, ಯಾರು ನೋಡ್ತಾರೆ" ಅಂದರು.

ಅವರ ಮಾತಿನಲ್ಲಿ ಪ್ರೀತಿ ಇತ್ತು, ನಾನದನ್ನು ಹಗುರ ಮಾಡಲ್ಲ. ಅವರ ಪರವಾಗಿ ನಾನೇ ವಾದ ಕಟ್ಟಬಲ್ಲೆ. ಇದು ಮ್ಯೂಸಿಯಂ ಅಲ್ಲ. ಇಲ್ಲಿ ಎಂಜಿನ್ನಿನ ಚರಿತ್ರೆಗಿಂತ ಮನುಷ್ಯನ ನೆನಪು ದೊಡ್ಡದು. ಅವರ ಮನಸ್ಸಿನಲ್ಲಿ ಮೂವತ್ತು ವರ್ಷದಿಂದ ಓಡುತ್ತಿರುವ ಎಂಜಿನ್ನಿಗೆ ಆ ನಂಬರೇ ಇದೆ ಅಂದಮೇಲೆ, ಅವರ ಮಟ್ಟಿಗೆ ಅದೇ ನಿಜ. ಸುಳ್ಳಿನಿಂದ ಯಾರಿಗೂ ನಷ್ಟ ಇಲ್ಲ, ಒಬ್ಬರಿಗೆ ಸಂತೋಷ ಇದೆ. ಪ್ರಿಂಟ್ ಮಾಡಿ ಕೊಟ್ಟರೆ ಹತ್ತು ನಿಮಿಷದ ಕೆಲಸ.

ಆದರೂ ನನಗೆ ಒಂದು ವಿಷಯ ಒಪ್ಪಿಗೆ ಆಗಲಿಲ್ಲ. ಅದು ಎಂಜಿನ್ನಿಗೆ ಸಂಬಂಧಪಟ್ಟದ್ದಲ್ಲ, ಯಜಮಾನರಿಗೆ ಸಂಬಂಧಪಟ್ಟದ್ದು. ನಾವಿಬ್ಬರೂ ಕೂತು, ಅವರನ್ನು ಕೇಳದೆ, ಅವರಿಗೆ ಎಷ್ಟು ಸತ್ಯ ಸಾಕು ಅಂತ ಅಳೆಯುತ್ತಿದ್ದೆವು. ಈಗಷ್ಟೇ ಮಾತು ಕಲಿಯುವ ಮಗು ಬಸ್ಸನ್ನು ರೈಲು ಅಂದರೆ "ಹೌದು ಪುಟ್ಟ, ರೈಲು" ಅಂತೀವಲ್ಲ, ಆ ಧಾಟಿ. ವಯಸ್ಸಾದವರ ಜೊತೆ ನಾವು ಇದನ್ನು ಎಷ್ಟು ಸಲೀಸಾಗಿ ಮಾಡ್ತೀವಿ! ಮಾತ್ರೆ ಯಾವುದಕ್ಕೆ ಅಂತ ಹೇಳಲ್ಲ, ಜಮೀನಿನ ವ್ಯವಹಾರ ಏನಾಯ್ತು ಅಂತ ಹೇಳಲ್ಲ, "ಎಲ್ಲ ಸರಿ ಇದೆ, ನೀವು ಆರಾಮಾಗಿರಿ" ಅಂತೀವಿ. ಪ್ರೀತಿ ಅಂತಲೇ ಮಾಡೋದು. ಅದರ ಜೊತೆಗೇ, ಅವರು ಇನ್ನು ಲೆಕ್ಕಕ್ಕಿಲ್ಲ ಅನ್ನೋದನ್ನೂ ಹೇಳಿರ್ತೀವಿ. ಈ ಮನುಷ್ಯ ಮೂವತ್ತೈದು ವರ್ಷ ಸಿಗ್ನಲ್ ನೋಡಿ ಬದುಕಿದವರು. ಹಸಿರೋ ಹಳದಿಯೋ ಅನುಮಾನ ಬಂದಾಗ ಮನಸ್ಸಿಗೆ ಹಿತವಾದ ಬಣ್ಣ ಆರಿಸಿಕೊಂಡವರಲ್ಲ.

"ಅವರನ್ನೇ ಕೇಳೋಣ" ಅಂದೆ. ಮಗ ಹಿಂದೆಮುಂದೆ ನೋಡಿದರು, ಆಮೇಲೆ ಬರೋಕೆ ಹೇಳಿದರು. ಒಂದು ಭಾನುವಾರ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋದೆ. ಯಜಮಾನರು ಕನ್ನಡಕ ಬದಲಾಯಿಸಿ, ಫೋಟೋ ಕಿಟಕಿ ಹತ್ತಿರ ಹಿಡಿದು ನೋಡಿದರು. ಎಂಜಿನ್ ನೋಡಿ ಖುಷಿಪಟ್ಟು, ಯಾವ ಸ್ಟೇಷನ್ ಇರಬಹುದು ಅಂತ ಹಿಂದಿನ ಸಿಗ್ನಲ್ ಕಂಬ ನೋಡಿ ಊಹೆ ಮಾಡಿದರು. ಆಮೇಲೆ ಶೆಡ್ಡಿನ ಗುರುತು ಕಣ್ಣಿಗೆ ಬಿತ್ತು. ಎರಡನೇ ಫೋಟೋ ಕೇಳಿ ಇಸಕೊಂಡರು. ತಾರೀಖು ಕೇಳಿದರು.

"ಗುತ್ತಿ ಗಾಡಿ ನಾನು ಎಷ್ಟೋ ಓಡಿಸಿದೀನಿ" ಅಂದರು. "ಆದ್ರೆ ನಾನು ಹೇಳೋದು ಇದಲ್ಲ. ಅದನ್ನ ನಾನೇ ಕೆ.ಆರ್. ಪುರಂ ಶೆಡ್ಡಿಂದ ಆಚೆ ತಂದಿದ್ದು, ಹೊಸ ಪೇಂಟು ಹೊಡೆದಿದ್ರು, ಶೆಡ್ಡಿನ ಹೆಸರು ಇನ್ನೂ ಹಸಿ ಇತ್ತು. ಶೆಡ್ಡು ಖಾತ್ರಿ. ನಂಬರು..." ಅಂತ ನಿಲ್ಲಿಸಿದರು. ಮಗ ನನ್ನ ಮುಖ ನೋಡಿದರು.

"ನೋಡಪ್ಪಾ, ನಂಬರು ಬಿಟ್ಟುಬಿಡು. ಶೆಡ್ಡಿನ ಹೆಸರು ಮಾತ್ರ ಹಾಕು. ಲಾಗ್ ಬುಕ್ಕಲ್ಲಿ ಗೊತ್ತಿಲ್ಲದ್ದನ್ನ ಯಾವತ್ತೂ ಬರೆದೋನಲ್ಲ ನಾನು."

"ಅಪ್ಪಾ, ನಂಬರೇ ಇಲ್ಲದ ಎಂಜಿನ್ ಹೇಗೆ ಕಾಣುತ್ತೆ?" ಅಂದರು ಮಗ.

"ನಂಬರಿಲ್ಲದ ಎಂಜಿನ್ನಿಗೆ ಲೈನ್ ಕ್ಲಿಯರ್ ಕೊಡಲ್ಲ. ಷೋಕೇಸಲ್ಲೇ ನಿಂತಿರಲಿ ಬಿಡು" ಅಂತ ನಕ್ಕರು.

ಅವರು ನಗದೇ ಇದ್ದಿದ್ದರೆ? ಮುಖ ಸಪ್ಪೆ ಮಾಡಿಕೊಂಡು ಫೋಟೋ ಪಕ್ಕಕ್ಕಿಟ್ಟಿದ್ದರೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸತ್ಯ ಹೇಳಿದ್ದಕ್ಕೆ ಯಾವಾಗಲೂ ಹೀಗೆ ನಗುವೇ ಸಿಗುತ್ತೆ ಅಂತ ನಾನು ಹೇಳೋಕೆ ಹೊರಟಿಲ್ಲ. ಹಾಸಿಗೆ ಹಿಡಿದು, ಹಳೆಯದು ಹೊಸದು ಬೆರೆತುಹೋದ ಜೀವದ ಮುಂದೆ ಫೋಟೋ ಹಿಡಿದು ಸಾಕ್ಷಿ ಹೇಳೋದು ಕ್ರೌರ್ಯ. ಅಂಥ ಕಡೆ ನಾನು ಬಾಯಿ ಮುಚ್ಚಿಕೊಂಡಿರ್ತೀನಿ. ಅಂಥ ಕಡೆಯೂ, ನನ್ನ ಕೈಯಾರೆ ತಪ್ಪು ನಂಬರು ಬರೆಯೋದಕ್ಕಿಂತ ಖಾಲಿ ಬಿಡುವ ದಾರಿ ಇದೆಯಾ ಅಂತ ಮೊದಲು ನೋಡ್ತೀನಿ. ಸುಮ್ಮನಿರೋದಕ್ಕೂ ಸುಳ್ಳು ಹೇಳೋದಕ್ಕೂ ನಡುವೆ ಇರುವ ಜಾಗ ಚಿಕ್ಕದು, ಆದರೆ ನಿಲ್ಲೋಕೆ ಸಾಕು. ಕೇಳಿದರೆ ಉತ್ತರ ಕೊಡಬಲ್ಲ ಮನುಷ್ಯನನ್ನು ಕೇಳದೇ ಇರೋದಕ್ಕೆ ಮಾತ್ರ ನನಗೆ ಯಾವ ಸಮರ್ಥನೆಯೂ ಸಿಗಲ್ಲ.

ಗೆಳೆಯನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ ಅನ್ನಿಸುತ್ತೆ. ನಮ್ಮ ಕೆಲಸದಲ್ಲಿ, ಸಂಸಾರದಲ್ಲಿ, ಬಿಟ್ಟುಹೋದದ್ದು ಸಾವಿರ ಇರುತ್ತೆ. ಹಳಿ ಯಾವಾಗಲೂ ಮೂರು ಮಿಲಿಮೀಟರ್ ಕಮ್ಮಿಯೇ. ಅದಕ್ಕೆ ಕ್ಷಮೆ ಇದೆ. ಪ್ರಾಜೆಕ್ಟಿನ ಸ್ಟೇಟಸ್ ಶೀಟಿನಲ್ಲಿ ಹಸಿರು ಬಣ್ಣ ತುಂಬುವಾಗ, ರೆಸ್ಯೂಮೆಯಲ್ಲಿ ಇನ್ನೊಂದು ವರ್ಷ ಸೇರಿಸುವಾಗ, ಮನೆಗೆ ಫೋನ್ ಮಾಡಿ "ಎಲ್ಲ ಆರಾಮ್" ಅನ್ನುವಾಗ ನಾವು ಏನನ್ನೂ ಬಿಡುತ್ತಿಲ್ಲ, ನಂಬರು ಬರೆಯುತ್ತಿದ್ದೇವೆ. ಹಳಿ ಅಗಲ ಮಾಡೋದು ನಮ್ಮ ಕೈಲಿಲ್ಲದೇ ಇರಬಹುದು. ಏನು ಬರೆಯಬೇಕು ಅನ್ನೋದು ನಮ್ಮ ಕೈಲೇ ಇದೆ.

ಡಿಕಾಲ್ ಅಂಟಿಸುವಾಗ ಕೊನೆಗೆ ಮೈಕ್ರೋ ಸಾಲ್ ಅಂತ ಒಂದು ದ್ರವ ಹಚ್ಚುತ್ತೀವಿ. ಅದು ಪದರವನ್ನು ಮೆತ್ತಗೆ ಮಾಡಿ ಬೋಲ್ಟು, ರಿವೆಟ್ಟು, ಬಾಗಿಲ ಸಂದು ಎಲ್ಲದರ ಮೇಲೂ ಬಣ್ಣ ಬಳಿದ ಹಾಗೆ ಕೂರಿಸುತ್ತೆ. ಅದಕ್ಕೂ ಮುಂಚೆ ಅಕ್ಷರ ನೀರಿನ ಮೇಲೆ ತೇಲುತ್ತಿರುತ್ತೆ, ಬ್ರಷ್ ತುದಿಯಲ್ಲಿ ಎಲ್ಲಿಗೆ ಬೇಕಾದ್ರೂ ಸರಿಸಬಹುದು, ಪೂರ್ತಿ ತೆಗೆದೂ ಬಿಡಬಹುದು. ಹಚ್ಚಿದ ಮೇಲೆ ಮುಟ್ಟಿದರೆ ಹರಿದುಹೋಗುತ್ತೆ. ಯಜಮಾನರ ಎಂಜಿನ್ನಿಗೆ ಶೆಡ್ಡಿನ ಹೆಸರು ಹಾಗೆ ಕೂತಿದೆ. ನಂಬರಿನ ಜಾಗ ಖಾಲಿ ಇದೆ. ಆ ಬಣ್ಣಕ್ಕೆ ಒಪ್ಪುವ ಬಿಳಿ ಅಂಕಿಗಳನ್ನು, ಸೊನ್ನೆಯಿಂದ ಒಂಬತ್ತರವರೆಗೆ, ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿಸಿ ಡಬ್ಬದಲ್ಲಿ ಇಟ್ಟಿದ್ದೀನಿ. ತೊಂಬತ್ತಮೂರರ ಸುಮಾರಿನ, ಹೊಸ ಪೇಂಟು ಹೊಡೆದ ಕೆ.ಆರ್. ಪುರಂ ಎಂಜಿನ್ನಿನ ಫೋಟೋ ಎಲ್ಲಿ ಕಂಡರೂ ಅವರ ಮಗ ನನಗೆ ಕಳಿಸ್ತಾರೆ. ನಾನು ಪ್ರಿಂಟ್ ಹಾಕಿಸಿ ತಗೊಂಡು ಹೋಗ್ತೀನಿ. ಯಜಮಾನರು ಕನ್ನಡಕ ಬದಲಾಯಿಸಿ ನೋಡಿ, "ಇದಲ್ಲ" ಅಂತಾರೆ. ಇಲ್ಲಿಯವರೆಗೆ ನಾಲ್ಕು ಫೋಟೋ ಆಗಿದೆ.